ಬಾಗಿಲಲ್ಲಿ ನಿಂತವರಿಗೆ ಕೇಳುವ ಪ್ರಶ್ನೆ

ಬೀದರಿನ ಒಂದು ಓದುಕೂಟಕ್ಕೆ ಔರಾದ್ ಕಡೆಯ ವಿದ್ಯಾರ್ಥಿನಿಯೊಬ್ಬಳು ಮೊದಲ ಸಲ ಬಂದಿದ್ದಳು. ಅಕ್ಕಮಹಾದೇವಿಯ ಬಗ್ಗೆ ನಾಲ್ಕು ಮಾತಾಡಿದಳು. ಅವಳ ಕನ್ನಡದಲ್ಲಿ ಮರಾಠಿಯ ಎಳೆ ಇತ್ತು. ‘ಮೊದಲು ಕನ್ನಡ ಕಲಿತು ಬಾರವ್ವ’ ಎಂದು ಹಿಂದಿನ ಸಾಲಿನಿಂದ ಯಾರೋ ಕೆಣಕಿದರು. ನಕ್ಕವರಲ್ಲಿ ನಾನೂ ಒಬ್ಬ. ಗದ್ದಲ ತಪ್ಪಿಸಲು ಕೂಟದವರು ನಿಯಮ ಮಾಡಿದರು: ಹೊಸಬರು ಮೂರು ತಿಂಗಳು ಬರೀ ಕೇಳಬೇಕು. ಕೆಣಕಿದವರಿಗೆ ಯಾವ ನಿಯಮವೂ ಇರಲಿಲ್ಲ. ಅವಳು ಮತ್ತೆ ಬರಲಿಲ್ಲ.

ಆ ರಾತ್ರಿ ಶೂನ್ಯಸಂಪಾದನೆಯನ್ನು ಮತ್ತೆ ತೆರೆದೆ. 12ನೇ ಶತಮಾನದ ಕಲ್ಯಾಣ ನಮ್ಮದೇ ಜಿಲ್ಲೆಯ ಇಂದಿನ ಬಸವಕಲ್ಯಾಣ. ಅಲ್ಲಿಗೆ ಬರುವ ಅಕ್ಕನನ್ನು ಮೊದಲು ಕಿನ್ನರಿ ಬೊಮ್ಮಯ್ಯ ಪರೀಕ್ಷಿಸಲು ಹೋಗಿ ಸೋಲುತ್ತಾನೆ. ಅನುಭವ ಮಂಟಪದಲ್ಲಿ ಅಲ್ಲಮ ಕೇಳುತ್ತಾನೆ: ನಿನ್ನ ಗಂಡ ಯಾರು? ಸೀರೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡದ್ದೇಕೆ?

ಇದೂ ಕೆಣಕುವಿಕೆಯೇ ಅಲ್ಲವೇ? ಪೂರ್ತಿ ಅಲ್ಲ. ಅಲ್ಲಮನ ಪ್ರಶ್ನೆ ಉತ್ತರಕ್ಕಾಗಿ ಕಾಯುತ್ತದೆ. ನೋಡುವ ನಿಮಗೆ ನೋವಾದೀತೆಂದು ಮುಚ್ಚಿಕೊಂಡೆ ಎಂಬರ್ಥದಲ್ಲಿ ಅಕ್ಕ ಹೇಳಿದಾಗ, ಪರೀಕ್ಷೆ ಕೇಳಿದವರ ಕಡೆಗೇ ತಿರುಗುತ್ತದೆ. ಕೊನೆಗೆ ಕೇಳಿದವರೇ ತಲೆಬಾಗುತ್ತಾರೆ. ನಮ್ಮ ಕೂಟದ ಮಾತಿಗೆ ಉತ್ತರ ಬೇಕಿರಲಿಲ್ಲ, ನಗು ಬೇಕಿತ್ತು.

ಹಾಗೆಂದು ಗ್ರಂಥವನ್ನು ಪೂರ್ತಿ ಬಿಟ್ಟುಕೊಡಲಾರೆ. ಸೊನ್ನಲಿಗೆಯಲ್ಲಿ ಅಲ್ಲಮ ಸಿದ್ಧರಾಮನನ್ನು ‘ಒಡ್ಡರಾಮ’ ಎಂದು ಹಂಗಿಸುತ್ತಾನೆ. ಕೆರಳಿದ ಶಿಷ್ಯರು ಕಲ್ಲೆಸೆಯುತ್ತಾರೆ. ಅಲ್ಲಿ ವಿಚಾರಣೆಗೆ ಬಂದದ್ದು ಸಿದ್ಧರಾಮ ಕಟ್ಟಿಸುತ್ತಿದ್ದ ಕೆರೆ, ಗುಡಿ. ಅಕ್ಕನ ಪಾಲಿಗೆ ವಿಚಾರಣೆಗೆ ಬಂದದ್ದು ಅವಳ ಮೈ. ಗಂಡಸಿಗೆ ‘ಏನು ಮಾಡಿದೆ’, ಹೆಂಗಸಿಗೆ ‘ಯಾರವಳು’. ಈ ವ್ಯತ್ಯಾಸವನ್ನು ಗ್ರಂಥ ತಾನಾಗಿ ಗಮನಿಸುವುದಿಲ್ಲ.

ಇನ್ನೊಂದು ಮಾತು. ಶೂನ್ಯಸಂಪಾದನೆಯನ್ನು ಮೊದಲು ಕಟ್ಟಿದವನು ಶಿವಗಣಪ್ರಸಾದಿ ಮಹಾದೇವಯ್ಯ, 15ನೇ ಶತಮಾನದಲ್ಲಿ; ಆಮೇಲೆ ಗೂಳೂರು ಸಿದ್ಧವೀರಣ್ಣನವರೆಗೆ ಅದು ಬೆಳೆಯಿತು. ಬಿಡಿ ವಚನಗಳನ್ನು ಪ್ರಶ್ನೋತ್ತರವಾಗಿ ಜೋಡಿಸಿದವರು ಈ ಸಂಕಲನಕಾರರು. ಅಂದರೆ ಅಕ್ಕ ಯಾರಿಗೂ ಉತ್ತರವಾಗಿ ಹೇಳದೆ, ತನಗೆ ತಾನೇ ಹೇಳಿಕೊಂಡ ಮಾತೂ ಇಲ್ಲಿ ಪರೀಕ್ಷೆಯ ಉತ್ತರವಾಗಿರಬಹುದು. ಅದೇ ವಚನಗಳನ್ನು ಸಂವಾದದಿಂದ ಬಿಡಿಸಿ ಓದಿ: ಅಕ್ಕ ಯಾರ ಅಪ್ಪಣೆಗೂ ಕಾದಂತೆ ಕಾಣುವುದಿಲ್ಲ.

ಗ್ರಂಥದಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಬೇರೆ ಸನ್ನಿವೇಶ. ಸಿದ್ಧರಾಮನೊಡನೆ ಕಲ್ಯಾಣಕ್ಕೆ ಬಂದ ಅಲ್ಲಮನೂ ಬಸವಣ್ಣನ ಬಾಗಿಲಲ್ಲಿ ನಿಂತು ಕಾಯುತ್ತಾನೆ. ಬಸವಣ್ಣ ಲಿಂಗಪೂಜೆಯಲ್ಲಿದ್ದಾನೆ, ಕೂಡಲೇ ಎದ್ದು ಬರುವುದಿಲ್ಲ. ಅಲ್ಲಮ ಮುನಿಯುತ್ತಾನೆ. ಮುಂದೆ ಅಕ್ಕನನ್ನು ಪ್ರಶ್ನಿಸುವವನಿಗೂ ಹೊಸಬನಾಗಿ ಹೊಸ್ತಿಲಲ್ಲಿ ನಿಂತ ನೆನಪಿದೆ. ಆ ನೆನಪಿಲ್ಲದವರು ಪರೀಕ್ಷೆ ಮಾಡಬಾರದು.

ನಮಗಂತೂ ಆ ನೆನಪು ಇರಲೇಬೇಕಿತ್ತು. ನಿಜಾಮರ ಕಾಲದಲ್ಲಿ ಭಾಲ್ಕಿಯ ಹಿರೇಮಠದಲ್ಲಿ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಈ ನೆಲದಲ್ಲಿ ಕನ್ನಡವೇ ಒಮ್ಮೆ ಬಾಗಿಲಾಚೆ ನಿಂತಿತ್ತು. ಅಂಥ ಊರಿನವರಾದ ನಾವು ಔರಾದಿನ ಹುಡುಗಿಯ ಕನ್ನಡಕ್ಕೆ ನಕ್ಕೆವು.

ಮುಂದಿನ ಕೂಟದಲ್ಲಿ ಆ ನಿಯಮ ತೆಗೆಯಬೇಕೆಂದು ಕೇಳುತ್ತೇನೆ. ನಕ್ಕದ್ದನ್ನೂ ಹೇಳುತ್ತೇನೆ. ಅವಳು ಅಂದು ಅಕ್ಕನ ಬಗ್ಗೆ ಏನು ಹೇಳಿದಳೆಂದು ನೆನಪಿಸಿಕೊಳ್ಳಲು ನೋಡಿದೆ; ನಗುವಿನ ಗದ್ದಲದಲ್ಲಿ ಅದನ್ನು ಕೇಳಿಸಿಕೊಂಡೇ ಇರಲಿಲ್ಲ.