ಅನುಚಿತ ಪ್ರಭಾವವೂ ಸಂಶಯವೂ: ಒಂದು ಮೃತ್ಯುಪತ್ರ ತೀರ್ಪಿನ ವಿಮರ್ಶೆ

ಮೃತ್ಯುಪತ್ರವನ್ನು ಪ್ರಶ್ನಿಸುವ ಪ್ರಸಂಗ ಬಂದೊಡನೆ ನಮ್ಮಲ್ಲಿ 'ಅನುಚಿತ ಪ್ರಭಾವ' ಎಂಬ ಮಾತು ಹೊರಡುತ್ತದೆ. ವಾಸ್ತವವಾಗಿ ಅದು 1872ರ ಕರಾರು ಕಾಯಿದೆಯ 16ನೆಯ ಕಲಮಿನ ಮಾತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ 61ನೆಯ ಕಲಮಿನಲ್ಲಿ ಅದಿಲ್ಲ. ಅಲ್ಲಿರುವುದು ವಂಚನೆ, ಬಲಾತ್ಕಾರ, ಮತ್ತು ಬರೆಯುವವರ ಸ್ವಾತಂತ್ರ್ಯವನ್ನೇ ಕಸಿಯುವಂಥ ಕಾಟ. ಈ ಭೇದ ಬರಿಯ ಪದಗಳದ್ದಲ್ಲ. ಕರಾರಿನಲ್ಲಿ, ಒಬ್ಬನ ಇಚ್ಛೆಯ ಮೇಲೆ ಮತ್ತೊಬ್ಬನಿಗೆ ಹತೋಟಿಯಿದ್ದು ವ್ಯವಹಾರವೂ ಅನ್ಯಾಯವಾಗಿ ತೋರಿದರೆ, ಹತೋಟಿಯುಳ್ಳವನೇ ತನ್ನ ನಿರ್ದೋಷತೆಯನ್ನು ಸ್ಥಾಪಿಸಬೇಕು. ಮೃತ್ಯುಪತ್ರದಲ್ಲಾದರೋ ಕಾಟವಾಯಿತೆಂದು ಹೇಳುವವನೇ ಅದನ್ನು ರುಜುವಾತುಪಡಿಸಬೇಕು. ಮುಪ್ಪಿನಲ್ಲಿ ಸಾಕಿದವನು ತನಗೆ ಬರೆಯೆಂದು ಬೇಡಿಕೊಂಡದ್ದಷ್ಟೇ ಸಾಲದು. ಬೇಡಿಕೆಗೆ ಮನಸಾರೆ ಒಪ್ಪುವುದಕ್ಕೂ, ನಿಶ್ಶಕ್ತ ರೋಗಿಯು ಪೀಡೆ ತೊಲಗಲೆಂದು ಸಹಿ ಹಾಕುವುದಕ್ಕೂ ಇರುವ ಅಂತರವನ್ನು ಆ ಕಲಮಿನ ದೃಷ್ಟಾಂತಗಳೇ ಸ್ಪಷ್ಟಪಡಿಸಿವೆ.

ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ. ಎನ್. ತಿಮ್ಮಾಜಮ್ಮ ಎಂಬ ಮೈಸೂರಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1958ರ ನವೆಂಬರ್ 13ರಂದು ಇತ್ತ ತೀರ್ಪು ಇಲ್ಲಿ ಗಮನಾರ್ಹ. ಪತ್ರವನ್ನು ಮುಂದಿಟ್ಟವರೇ ಅದರ ರಚನೆಯಲ್ಲಿ ಪ್ರಧಾನ ಪಾತ್ರ ವಹಿಸಿದ್ದರು. ಅವರ ಮಕ್ಕಳಿಗೆ ಅದರಿಂದ ಗಣನೀಯ ಲಾಭವಿತ್ತು. ಇಂಥ ಸನ್ನಿವೇಶವು ಹುಟ್ಟಿಸುವ ಸಂಶಯವನ್ನು ನಿವಾರಿಸುವ ಹೊಣೆ ಪತ್ರವನ್ನು ಮುಂದಿಟ್ಟವನದು, ಎದುರುಪಕ್ಷ ಪ್ರಭಾವವನ್ನಾಗಲಿ ವಂಚನೆಯನ್ನಾಗಲಿ ಆರೋಪಿಸದಿದ್ದರೂ ಸರಿ, ಎಂದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ನಿರ್ಣಯಿಸಿದರು. ಸಂಶಯ ನಿವಾರಣೆಯಾಗಲಿಲ್ಲ, ಪತ್ರ ನಿಲ್ಲಲಿಲ್ಲ. ಹಾಗಿರುವಾಗ, ಸಂಶಯವನ್ನು ತೋರಿಸಿದರೆ ಸಾಕಾಗುವಲ್ಲಿ 'ಪ್ರಭಾವ'ವನ್ನು ಮಾತ್ರ ವಾದಿಸುವವನು ಬೇಡದ ಭಾರವನ್ನು ತಾನಾಗಿ ಹೊರುತ್ತಾನೆ.

ಆದರೆ ತೀರ್ಪು ಹಂಚಿಕೆಯ ಅಸಹಜತೆಯನ್ನೂ ಸಂಶಯದ ಕಾರಣಗಳಲ್ಲಿ ಸೇರಿಸಿದೆ. ಯಾರ ದೃಷ್ಟಿಯಲ್ಲಿ ಅಸಹಜ? ನಮ್ಮ ಸೀಮೆಯನ್ನೇ ನೋಡೋಣ. ಕುಷ್ಟಗಿ, ಯಲಬುರ್ಗಾಗಳಲ್ಲಿ ಮಳೆಯನ್ನು ನಂಬಿದ ಹೊಲಗಳು. ಗಂಗಾವತಿಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ಗದ್ದೆಗಳು. ಬೆಲೆಯಲ್ಲಿ ಇವು ಅಜಗಜಾಂತರ. ಸ್ವಾರ್ಜಿತದ ಹೊಲವನ್ನು ಗಂಡುಮಕ್ಕಳಿಗೆ ಬಿಟ್ಟು, ಗದ್ದೆಯನ್ನು ಕೊನೆಗಾಲದಲ್ಲಿ ಅನ್ನವಿಕ್ಕಿದ ಮಗಳಿಗೆ ಒಬ್ಬ ವಿಧವೆ ಬರೆದರೆ, ಊರು ಅದನ್ನು ಅಸಹಜವೆಂದೀತು. (ಊರು ಮಗಳ ಸೇವೆಯನ್ನು ಮಾತ್ರ ಸಹಜವೆನ್ನುತ್ತದೆ!) ಸಹಜ ವಾರಸಿಕೆಯನ್ನು ಬದಲಿಸುವುದೇ ಮೃತ್ಯುಪತ್ರದ ಉದ್ದೇಶವೆಂದು ಅದೇ ನ್ಯಾಯಾಲಯ 1995ರಲ್ಲಿ, ರವೀಂದ್ರನಾಥ ಮುಖರ್ಜಿ ಪ್ರಕರಣದಲ್ಲಿ, ಹೇಳಬೇಕಾಯಿತು.

ಆದುದರಿಂದ ಸಂಶಯವು ಪಾಲಿನ ಗಾತ್ರಕ್ಕಿಂತ ಪತ್ರ ಹುಟ್ಟಿದ ಬಗೆಯನ್ನು ಆಶ್ರಯಿಸಬೇಕೆಂದು ನಮ್ಮ ಅಭಿಪ್ರಾಯ. ಬರೆಹಗಾರನನ್ನು ಕರೆತಂದವರು ಯಾರು? ಓದಿ ಹೇಳಿದಾಗ ಆಕೆಗೆ ಅರ್ಥವಾಯಿತೆ? ಆ ಮಗಳು ಆಗ ಕೋಣೆಯೊಳಗಿದ್ದಳೋ ಹೊರಗಿದ್ದಳೋ? ಸಾಕ್ಷಿಗೆ ಸಹಿ ಹಾಕಿದವರನ್ನು ಕಟಕಟೆಯಲ್ಲಿ ಮೊದಲು ಕೇಳಬೇಕಾದುದು ಇದನ್ನು.