ಆಯ್ದಕ್ಕಿಯ ಪ್ರಸಂಗವೂ ಪಡಿಯಕ್ಕಿಯ ವಿವಾದವೂ

ಸರ್ಕಾರದಿಂದ ಪಡಿಯಕ್ಕಿಯನ್ನೂ ಮಾಸಾಶನವನ್ನೂ ಪಡೆಯುವವರನ್ನು ಕೂಲಿಯ ಕೆಲಸಕ್ಕೆ ಹಚ್ಚಬೇಕೆಂದು ವಾದಿಸುವವರು ನಮ್ಮ ನಾಡಿನಲ್ಲಿ ಶರಣರ ಕಾಯಕತತ್ತ್ವವನ್ನು ಪ್ರಮಾಣವಾಗಿ ಹೇಳುವುದುಂಟು. ಅದರಲ್ಲಿಯೂ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಹೆಸರು ಮುಂದೆ ಬರುತ್ತದೆ. ಈ ಪ್ರಮಾಣವು ಆ ಪ್ರಮೇಯವನ್ನು ಸಾಧಿಸುವುದೇ ಎಂಬುದಿಲ್ಲಿ ವಿಚಾರಣೀಯವಾದ ವಿಷಯವು.

2013ರ ಜುಲೈ ತಿಂಗಳಲ್ಲಿ ಅನ್ನಭಾಗ್ಯವು ಆರಂಭವಾದಾಗ, ಕಿಲೋ ಒಂದಕ್ಕೆ 1 ರೂಪಾಯಿಯಂತೆ ಅಕ್ಕಿ ದೊರೆತರೆ ಜನರು ಸೋಮಾರಿಗಳಾಗುವರೆಂಬ ಮಾತು ಹುಟ್ಟಿತು. 2023ರಲ್ಲಿ ಗೃಹಲಕ್ಷ್ಮಿಯ ಮೂಲಕ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದಾಗ ಅದೇ ಮಾತು ಮತ್ತೆ ಎದ್ದಿತು. ದಿನವೊಂದಕ್ಕೆ ಲೆಕ್ಕ ಹಾಕಿದರೆ ಇದು 66 ರೂಪಾಯಿಯ ಆಚೀಚೆಯ ಹಣವು. ಇದರಿಂದ ಆಲಸ್ಯವನ್ನು ಕೊಂಡುಕೊಳ್ಳುವ ಕುಟುಂಬ ಯಾವುದೋ ತಿಳಿಯದು. 2025ರ ಫೆಬ್ರವರಿಯಲ್ಲಿ, ನಗರಗಳ ನಿರ್ವಸಿತರ ಆಶ್ರಯಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ, ಬಿಟ್ಟಿ ಪಡಿತರದಿಂದ ಜನರು ದುಡಿಯಲೊಲ್ಲರೆಂದು ಸರ್ವೋಚ್ಚ ನ್ಯಾಯಾಲಯದ ಪೀಠವೇ ಮೌಖಿಕವಾಗಿ ನುಡಿಯಿತು. ಚನ್ನಗಿರಿಯ ಅಡಕೆತೋಟಗಳಲ್ಲಿ ಗೊನೆಯಿಳಿಸಿ ಸುಲಿಯುವ ಕಾಲಕ್ಕೂ, ಹೊನ್ನಾಳಿ ನ್ಯಾಮತಿಗಳ ಗದ್ದೆಯ ಕೊಯ್ಲಿಗೂ ಆಳುಗಳು ಸಿಗುವುದಿಲ್ಲವೆಂಬ ದೂರಿನ ಹಿಂದೆ ಇದೇ ವಾದವಿದೆ.

ಪೂರ್ವಪಕ್ಷಕ್ಕೆ ಬಲವೇ ಇಲ್ಲವೆನ್ನಲಾಗದು. ಕಾಯಕವು ನಿಂತಿತೆಂದು ಮಾರಯ್ಯನನ್ನೆಚ್ಚರಿಸಿ ಕೆಲಸಕ್ಕೆ ಕಳುಹಿದವಳು ಲಕ್ಕಮ್ಮನೇ. ಇದಕ್ಕಿಂತ ಸ್ಪಷ್ಟವಾದ ಪ್ರೇರಣೆಯು ಬೇರೆ ಯಾವುದು? ಆದರೆ ಮೀಮಾಂಸಕರು ವಿಧಿವಾಕ್ಯವನ್ನು ಕಂಡೊಡನೆ, ಇದಕ್ಕೆ ಅಧಿಕಾರಿ ಯಾರೆಂದು ಕೇಳುತ್ತಾರೆ. ಇಲ್ಲಿ ಆಜ್ಞೆ ಮಾಡಿದವಳೂ ಆಜ್ಞೆ ಪಡೆದವನೂ ಒಂದೇ ಗಡಿಗೆಯ ಅನ್ನವನ್ನುಣ್ಣುವವರು. ಅವನು ಹೋಗದಿದ್ದರೆ ಅವಳಿಗೂ ಉಪವಾಸವೇ. ಉಳ್ಳವನು ಇಲ್ಲದವನಿಗೆ ಹೇಳುವ ಮಾತಿಗೆ ಈ ವಾಕ್ಯವನ್ನು ಅತಿದೇಶ ಮಾಡುವುದು ಹೇಗೆ?

ಇನ್ನು ಆ ಕಾಯಕದ ಸ್ವರೂಪವನ್ನು ನೋಡೋಣ. ಮಾರಯ್ಯನದು ಆಯ್ದ ಅಕ್ಕಿ, ಕೂಲಿಯಕ್ಕಿಯಲ್ಲ. ಅವನ ಮೇಲೆ ಒಡೆಯನಿಲ್ಲ. ಧರ್ಮಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಉಂಛವೃತ್ತಿಗೆ ಸಮೀಪವೆನ್ನಬಹುದು. ಮನುಸ್ಮೃತಿಯ 4ನೆಯ ಅಧ್ಯಾಯವು ಆಯ್ದು ಉಣ್ಣುವುದನ್ನು ಋತವೆಂದೂ, ಬೇಡದೆ ಬಂದುದನ್ನು ಅಮೃತವೆಂದೂ ಹೊಗಳಿ, ಸೇವಾವೃತ್ತಿಯನ್ನು ನಾಯಿಯ ಬಾಳೆಂದು ಹಳಿಯುತ್ತದೆ. ಈ ಸೌಕರ್ಯವೆಲ್ಲವೂ ವಿಪ್ರನಿಗೆ ಮಾತ್ರ. ಶೂದ್ರನಿಗೆ ಅದೇ ಗ್ರಂಥವು ಸೇವೆಯನ್ನೇ ವಿಧಿಸಿತು. ಬೇಡದೆ ಬಂದ ಅನ್ನವು ಒಬ್ಬನಿಗೆ ಅಮೃತವಾಗಿ ಮತ್ತೊಬ್ಬನಿಗೆ ಆಲಸ್ಯಬೀಜವಾಗುವ ಈ ಭೇದವನ್ನೇ ಶರಣರು ಒಪ್ಪಲಿಲ್ಲ. ಮಠದ ಅನ್ನವನ್ನುಂಡು ವ್ಯಾಕರಣವನ್ನು ಕಲಿತ ನಮ್ಮಂಥವರನ್ನು ಆ ಅನ್ನವು ಸೋಮಾರಿಗಳನ್ನಾಗಿ ಮಾಡಿತೆಂದು ಯಾರೂ ದೂರಲಿಲ್ಲವೆಂಬುದನ್ನು ಪಂಡಿತವರ್ಗವು ನೆನೆಯಬೇಕು.

ಪ್ರಸಂಗದ ಉತ್ತರಭಾಗವನ್ನು ಉದಾಹರಿಸುವವರು ವಿರಳ. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಆಸೆಯೆಂದು ಜರೆದು, ಹೆಚ್ಚಾದುದನ್ನು ಮರಳಿ ಸುರಿದು ಬರಹೇಳಿದಳು. ಅವಳ ದೃಷ್ಟಿಯಲ್ಲಿ ದೋಷವಿರುವುದು ಅಗತ್ಯವನ್ನು ಮೀರಿದ ಸಂಗ್ರಹದಲ್ಲಿ. ಪ್ರಕರಣವನ್ನು ಪೂರ್ತಿಯಾಗಿ ಅನ್ವಯಿಸಿದರೆ ಮೊದಲು ತಪ್ಪಿತಸ್ಥನಾಗುವವನು ಪಡಿಚೀಲವನ್ನು ಹೊತ್ತವನಲ್ಲ, ಕಣಜ ತುಂಬಿದವನು.

ಶಕ್ತನಾದವನು ಸುಮ್ಮನೆ ಕುಳಿತುಣ್ಣಲೆಂದು ವಚನಗಳು ಹೇಳುತ್ತವೆಂದು ನಾನು ಸಾಧಿಸಹೊರಟಿಲ್ಲ. ಆದರೆ ಅಂಗಳದಲ್ಲಿ ಅಕ್ಕಿ ಬಿದ್ದಿದ್ದಾಗ ಮಾತ್ರ ಆಯುವ ವಿಧಿಗೆ ಅರ್ಥವುಂಟು. ಮಳೆಯನ್ನೇ ನಂಬಿದ ಜಗಳೂರಿನ ಬೆದ್ದಲು ಸೀಮೆಯಲ್ಲಿ ಮೆಕ್ಕೆಜೋಳದ ಕೊಯ್ಲು ಮುಗಿದ ಬಳಿಕ ಆಯುವುದಕ್ಕೆ ಏನಿದೆ? ಗುಳೆ ಹೋಗುವವನನ್ನು ಸೋಮಾರಿಯೆನ್ನುವುದು ಶಬ್ದದ ಅಪಪ್ರಯೋಗವು. 2005ರ ಉದ್ಯೋಗಖಾತರಿ ಶಾಸನವು ಗ್ರಾಮದ ಕುಟುಂಬಕ್ಕೆ ವರ್ಷಕ್ಕೆ 100 ದಿನಗಳ ಕೆಲಸವನ್ನು ಹೇಳಿ, ಬೇಡಿದ 15 ದಿನಗಳೊಳಗೆ ಅದನ್ನು ಕೊಡದಿದ್ದರೆ ಭತ್ಯೆಯನ್ನು ಕೊಡಬೇಕೆಂದು ವಿಧಿಸಿತು. ಅಂದರೆ ವಿಧಿಯ ಭಾರವನ್ನು ಮೊದಲು ರಾಜ್ಯದ ಮೇಲೆ ಹೊರಿಸಿತು. ಇದರ ವಿಪರೀತಕ್ರಮವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಕಂಡಿದ್ದರು. 1877ರಲ್ಲಿ ರಿಚರ್ಡ್ ಟೆಂಪಲನು ಮದರಾಸು ಪ್ರಾಂತದ ಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯಕ್ಕೂ ಒಂದು ಆಣೆಗೂ ಇಳಿಸಿದನು. ದುಡಿಮೆಯು ಅಲ್ಲಿ ಹಸಿವಿನ ಪರೀಕ್ಷೆಯಾಗಿತ್ತು. ಅದನ್ನು ಕಾಯಕವೆಂದು ಕರೆಯಲು ಯಾರಿಗೂ ನಾಲಗೆ ಏಳದು.

ಎಚ್ಚರಿಸಿದ ಲಕ್ಕಮ್ಮನೂ ಮರಳಿಸಿದ ಲಕ್ಕಮ್ಮನೂ ಒಂದೇ ಕಥೆಯೊಳಗಿನವಳು. ಅಧ್ಯಾಪಕರು ಮೊದಲನೆಯ ವಚನವನ್ನು ಪಾಠ ಹೇಳುವ ದಿನವೇ ಎರಡನೆಯದನ್ನೂ ಓದಿಸುವುದಕ್ಕೆ ಹೆಚ್ಚು ಹೊತ್ತು ಬೇಕಾಗದು.