ಮುಂಬೈ ಕಥೆಗಳಲ್ಲಿ ಮತದಾರ ಎಲ್ಲಿದ್ದಾನೆ?

ಮುಂಬೈ ಕನ್ನಡ ಕಥನದಲ್ಲಿ ಲೋಕಲ್ ರೈಲಿದೆ, ಚಾಳಿದೆ, ಆಫೀಸಿದೆ, ಊರಿನ ನೆನಪಂತೂ ಧಾರಾಳವಾಗಿದೆ. ಮತಗಟ್ಟೆ ಮಾತ್ರ ಅಪರೂಪ. ಹಾಗೆಂದು ಈ ಬರಹಗಾರರಿಗೆ ಪ್ರಜಾಪ್ರಭುತ್ವದ ಚಿಂತೆಯೇ ಇರಲಿಲ್ಲವೆಂದರೆ ಅವಸರದ ತೀರ್ಪಾದೀತು. ಅವರು ಅದನ್ನು ಹುಡುಕಿದ್ದು ಬೇರೆ ಜಾಗಗಳಲ್ಲಿ.

ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು (1979) ನಾವು ಒಬ್ಬಂಟಿ ಮನುಷ್ಯನ ಅಸ್ತಿತ್ವದ ಕಾದಂಬರಿಯೆಂದೇ ಓದುತ್ತ ಬಂದಿದ್ದೇವೆ. ಕೆಲಸದ ಜಾಗದ ನ್ಯಾಯದ ಕಾದಂಬರಿಯಾಗಿಯೂ ಅದನ್ನು ಓದಬಹುದು. ನಾಗಪ್ಪ ಓದಿದವನು, ದೊಡ್ಡ ಹುದ್ದೆಯವನು. ಆದರೂ ಕಂಪೆನಿ ಅಮಾನತಿನಲ್ಲಿಟ್ಟಾಗ ತನ್ನ ಮೇಲಿನ ಆರೋಪವೇನೆಂದೇ ಅವನಿಗೆ ಸ್ಪಷ್ಟವಿಲ್ಲ. ಪ್ರಜೆಯಾಗಿ ಪಡೆದ ಹಕ್ಕುಗಳೆಲ್ಲ ಚಪ್ಪಲಿಯ ಹಾಗೆ ಆಫೀಸಿನ ಬಾಗಿಲಲ್ಲೇ ಉಳಿದುಬಿಡುತ್ತವೆ. ಒಂದು ಈಮೇಲಿನಲ್ಲಿ ನೌಕರಿ ಹೋಗುವ ಕಾಲದ ನಮಗೆ ಆ ಭಯ ಹಳೆಯದೇನೂ ಅಲ್ಲ.

ಜಯಂತ ಕಾಯ್ಕಿಣಿಯವರ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕಥೆಯಲ್ಲಿ ಪ್ರಶ್ನೆ ಇನ್ನೂ ಕೆಳಗಿನಿಂದ ಏಳುತ್ತದೆ. ಹಿಂದೆ ಮುಂದೆ ಯಾರೂ ಇಲ್ಲದ ಪೋಪಟ್ ಮತ್ತು ಅಸಾವರಿ ತಮ್ಮ ಮದುವೆಯ ಕರೆಯೋಲೆಯ ಬಗ್ಗೆ ಯೋಚಿಸುತ್ತಾರೆ. ಕರೆಯೋಲೆ ಕೇಳುವುದು ಹಿರಿಯರ ಹೆಸರು, ಅಡ್ಡಹೆಸರು, ಮನೆತನ. ಅವು ಇಲ್ಲದವರು ತಾವು ಯಾರೆಂದು ಬರೆಯಬೇಕು? ಮತದಾರರ ಪಟ್ಟಿ ಎಲ್ಲರನ್ನೂ ಸಮ ಮಾಡುತ್ತದೆ ಎನ್ನುತ್ತೇವೆ; ಕಾಯ್ಕಿಣಿ ಅದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಒಂದು ಮದುವೆ ಕಾಗದದ ಮೇಲೆ ನಡೆಸುತ್ತಾರೆ, ಅದೂ ಸದ್ದಿಲ್ಲದೆ.

ಇವರಿಗೆಲ್ಲ ಇಲ್ಲದ್ದು ಸಂಘಟನೆ. ಅದನ್ನು ಕಾದಂಬರಿಗೆ ತಂದವರು ವ್ಯಾಸರಾಯ ಬಲ್ಲಾಳರು. 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಬಂಡಾಯ’ದಲ್ಲಿ ಕಾರ್ಮಿಕರು ಮತ್ತು ಆಡಳಿತ ಮುಖಾಮುಖಿಯಾಗುತ್ತಾರೆ. ಆದರೆ 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರ ಸೋತ ಮೇಲೆ ಆ ಮುಂಬೈಯೇ ಕರಗತೊಡಗಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದಿದ್ದ ಗಿರಣಿಗಳ ಜಾಗದಲ್ಲಿ ಮಾಲ್‌ಗಳೂ ಗಾಜಿನ ಕಚೇರಿಗಳೂ ಎದ್ದವು. ನಮ್ಮಲ್ಲಿ ಅನೇಕರು ಇವತ್ತು ದುಡಿಯುವುದು ಅಲ್ಲಿಯೇ.

ನನ್ನ ತಕರಾರು ಇಷ್ಟು: ಈ ಪರಂಪರೆಯಲ್ಲಿ ಆಫೀಸು ಮತ್ತು ಊರಿನ ನಡುವೆ ಇರುವ ವಾರ್ಡು ಕಾಣೆಯಾಗಿದೆ. 227 ಸದಸ್ಯರ ಮುಂಬೈ ಮಹಾನಗರ ಪಾಲಿಕೆಯ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಆಮೇಲೆ ಮೂರು ವರ್ಷಕ್ಕೂ ಹೆಚ್ಚು ಕಾಲ ನಗರ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಚರಂಡಿ, ನೀರು, ಶಾಲೆ ಎಂದು ಹೋಗಿ ಕೇಳಲು ನಗರಸೇವಕರೇ ಇರಲಿಲ್ಲ. ನಾನು ಓದಿದ ಮುಂಬೈ ಕನ್ನಡ ಕಥೆಗಳಲ್ಲಿ ಈ ಖಾಲಿತನದ ಸುಳಿವಿಲ್ಲ. ಕಾರಣ ಊಹಿಸಬಹುದು. ನಮ್ಮ ನಿರೂಪಕ ಮೂವತ್ತು ವರ್ಷ ಇಲ್ಲಿದ್ದರೂ ಬಾಡಿಗೆದಾರನ ಹಾಗೇ ಬದುಕುತ್ತಾನೆ. ಅವನ ಮತ ಅಂಕೋಲೆಯಲ್ಲೋ ಕುಂದಾಪುರದಲ್ಲೋ ಇದೆ.

ಮುಂದಿನ ಮುಂಬೈ ಕಾದಂಬರಿಯಲ್ಲಿ ನಾಗಪ್ಪನಂಥವನೊಬ್ಬ ಕೋಣೆಯಿಂದ ಹೊರಬಂದು, ನೆರೆಯವರ ಜೊತೆ ನೀರಿಗಾಗಿ ಒಂದು ಅರ್ಜಿಗೆ ಸಹಿ ಹಾಕಲಿ. ಅರ್ಜಿ ಮರಾಠಿಯಲ್ಲಿರುತ್ತದೆ, ಪಕ್ಕದ ಸಹಿ ಉರ್ದುವಿನಲ್ಲಿರಬಹುದು. ಅವನದು ಕನ್ನಡದಲ್ಲಿದ್ದರೂ ನಡೆಯುತ್ತದೆ.